ಹಾಲಿನ ದುಡ್ಡು ಈಗ ಫೋನಿನಲ್ಲಿದೆ: ಆನ್‌ಲೈನ್ ಹಸು, ಕ್ಯೂಆರ್ ಕೋಡ್, ಹೆಬ್ಬೆಟ್ಟಿನ ಮೋಸಗಳ ಬಗ್ಗೆ

ಹಿಂದೆ ಹಾಲಿನ ಬಟವಾಡೆ ಎಂದರೆ ಸಂಘದ ಮುಂದೆ ಸಾಲಾಗಿ ನಿಂತು, ಪುಸ್ತಕಕ್ಕೆ ಬರೆಸಿ, ನೋಟು ಎಣಿಸಿಕೊಂಡು ಸೆರಗಿಗೆ ಗಂಟು ಹಾಕಿಕೊಂಡು ಬರುವುದಾಗಿತ್ತು. ಈಗ ಹಾಲಿನ ಹಣ, ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನ, ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲವೂ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತವೆ. ಇದರಿಂದ ಒಳ್ಳೆಯದೇ ಆಗಿದೆ. ಹಣ ನಿಮ್ಮ ಹೆಸರಿನಲ್ಲಿ ಬೀಳುತ್ತದೆ, ಮಧ್ಯದಲ್ಲಿ ಯಾರ ಕೈಯೂ ಇಲ್ಲ. ಆದರೆ ಸೆರಗಿನ ಗಂಟಿಗೆ ಕೈ ಹಾಕಲು ಕಳ್ಳ ನಿಮ್ಮ ಹತ್ತಿರ ಬರಬೇಕಾಗಿತ್ತು. ಫೋನಿನ ಗಂಟಿಗೆ ಕೈ ಹಾಕಲು ಅವನು ಎಲ್ಲೋ ಕುಳಿತಿದ್ದರೂ ಸಾಕು.

ಈ ಲೇಖನದಲ್ಲಿ ಪಟ್ಟಣದವರಿಗೆ ಆಗುವ ಎಲ್ಲ ಮೋಸಗಳನ್ನೂ ಹೇಳಲು ಹೋಗುವುದಿಲ್ಲ. ಹಸು ಕಟ್ಟಿಕೊಂಡು ಹಾಲು ಹಾಕುವ ಹೆಣ್ಣುಮಕ್ಕಳನ್ನೇ ಹುಡುಕಿಕೊಂಡು ಬರುವಂಥವು ಯಾವುವು, ಹಣ ಹೋದರೆ ಆ ಗಳಿಗೆಯಲ್ಲಿ ಏನು ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಫೋಟೋದಲ್ಲಿ ಕಟ್ಟಿದ ಹಸು

ಮೊದಲಿಗೆ ಇದನ್ನೇ ಹೇಳಬೇಕು, ಏಕೆಂದರೆ ಒಂದೇ ಏಟಿಗೆ ಹೆಚ್ಚು ಹಣ ಹೋಗುವುದು ಇಲ್ಲಿಯೇ. ಫೇಸ್‌ಬುಕ್ಕಿನಲ್ಲೋ ಯೂಟ್ಯೂಬಿನಲ್ಲೋ ಒಂದು ವಿಡಿಯೋ ಬರುತ್ತದೆ. ಕೆಚ್ಚಲು ತುಂಬಿದ ಎಚ್‌ಎಫ್ ಹಸು, ಎರಡನೇ ಸೂಲು, ದಿನಕ್ಕೆ 22 ಲೀಟರ್ ಹಾಲು, ಬೆಲೆ ಬರೀ 35 ಸಾವಿರ. ಸಂತೆಯಲ್ಲಿ ಅಂಥ ಹಸುವಿಗೆ ಇದರ ಎರಡು ಪಟ್ಟು ಕೊಟ್ಟರೂ ಸಿಗುವುದು ಕಷ್ಟ ಎಂದು ನಿಮಗೆ ಗೊತ್ತು. ಆದರೂ ಆಸೆಯಾಗುತ್ತದೆ, ಯಾರಿಗಾದರೂ ಆಗುತ್ತದೆ. ಕೆಳಗೆ ಇರುವ ನಂಬರಿಗೆ ಫೋನ್ ಮಾಡಿದರೆ ಆ ಕಡೆಯವರು ಬಹಳ ಮರ್ಯಾದೆಯಿಂದ ಮಾತನಾಡುತ್ತಾರೆ. ಇನ್ನಷ್ಟು ವಿಡಿಯೋ ಕಳುಹಿಸುತ್ತಾರೆ, ಆಧಾರ್ ಕಾರ್ಡಿನ ಫೋಟೋ ಕಳುಹಿಸುತ್ತಾರೆ, ಡೇರಿ ಫಾರಂನ ಬೋರ್ಡು ತೋರಿಸುತ್ತಾರೆ. ವಿಡಿಯೋ ಬೇರೆಯವರ ಹಟ್ಟಿಯದು. ಆಧಾರ್ ಕಾರ್ಡು ಅವರದ್ದಲ್ಲ, ಹಿಂದೆ ಮೋಸ ಹೋದ ಯಾರದೋ ಇರಬಹುದು.

ಆಮೇಲೆ ಹಣ ಕೇಳುವ ಕ್ರಮ ಶುರು. ಒಮ್ಮೆಲೇ 35 ಸಾವಿರ ಕೇಳುವುದಿಲ್ಲ, ಕೇಳಿದರೆ ನೀವು ಯೋಚಿಸುತ್ತೀರಿ. ಹಸು ಬೇರೆಯವರಿಗೆ ಹೋಗದಂತೆ ಹಿಡಿದಿಡಲು 2,000 ಮುಂಗಡ ಎನ್ನುತ್ತಾರೆ. ಮಾರನೇ ದಿನ ವಾಹನಕ್ಕೆ ಹತ್ತಿಸಿದ ವಿಡಿಯೋ ಬರುತ್ತದೆ, ಬಾಡಿಗೆ 6,000. ಮತ್ತೆ ಡಾಕ್ಟರ ಪ್ರಮಾಣಪತ್ರ, ವಿಮೆ ಎಂದು 4,500. ಇನ್ನೇನು ಹಸು ಬಂತು ಎನ್ನುವಾಗ ಚೆಕ್‌ಪೋಸ್ಟಿನಲ್ಲಿ ಗಾಡಿ ಹಿಡಿದಿದ್ದಾರೆ, 8,500 ಕಟ್ಟದಿದ್ದರೆ ಹಸುವನ್ನು ಇಳಿಸಿಕೊಳ್ಳುತ್ತಾರೆ ಎಂದು ಗಾಬರಿಯ ದನಿಯಲ್ಲಿ ಫೋನು. ಹಸು ಸಾಗಿಸಲು ಕಾಗದಪತ್ರ ಬೇಕು ಎಂಬುದು ನಿಜವಾದ್ದರಿಂದ ಆ ಮಾತು ನಂಬುವಂತೆಯೇ ಇರುತ್ತದೆ. ಕೊಟ್ಟ ಹಣವೆಲ್ಲ ವ್ಯರ್ಥವಾದೀತು ಎಂಬ ಹೆದರಿಕೆಯಲ್ಲಿ ಅದನ್ನೂ ಕಟ್ಟುತ್ತೇವೆ. ಆಮೇಲೆ ಆ ನಂಬರು ಸ್ವಿಚ್ ಆಫ್.

ಕೂಡಿಸಿ ನೋಡಿ, 21,000 ರೂಪಾಯಿ. ಲೀಟರಿಗೆ 35 ರೂಪಾಯಿ ಲೆಕ್ಕ ಹಿಡಿದರೂ ಅದು 600 ಲೀಟರ್ ಹಾಲು. ದಿನಕ್ಕೆ ಹತ್ತು ಲೀಟರ್ ಹಾಕುವವರಿಗೆ ಎರಡು ತಿಂಗಳ ದುಡಿಮೆ, ಅದೂ ಹಿಂಡಿ ಬೂಸಾದ ಖರ್ಚು ಕಳೆಯದೆ.

ಹಸು ಕೊಳ್ಳುವ ವಿಚಾರದಲ್ಲಿ ನಮ್ಮ ಹಿರಿಯರ ಪದ್ಧತಿಯೇ ಸರಿ. ಎರಡು ಹೊತ್ತು ಹಾಲು ಕರೆದು ನೋಡಿ, ಕೆಚ್ಚಲಿನ ನಾಲ್ಕು ತೊಟ್ಟೂ ಮುಟ್ಟಿ ನೋಡಿ, ಹಲ್ಲು ನೋಡಿ ಆಮೇಲೆ ದುಡ್ಡು. ಫೋನಿನಲ್ಲಿ ನೋಡಿ ಇಷ್ಟವಾದರೆ ತಪ್ಪೇನಿಲ್ಲ, ಆದರೆ ಅಲ್ಲಿಗೆ ಹೋಗಿ ಹಗ್ಗ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಹಾಕಬೇಡಿ. ಪರೀಕ್ಷೆ ಮಾಡಲು ಒಂದು ಸುಲಭ ಉಪಾಯವಿದೆ. ಕಿವಿಯೋಲೆಯಲ್ಲಿರುವ 12 ಅಂಕಿಯ ಸಂಖ್ಯೆ ಕಾಣುವಂತೆ ಈಗಲೇ ವಿಡಿಯೋ ಕಾಲ್ ಮಾಡಿ ತೋರಿಸಿ ಎಂದು ಕೇಳಿ. ಅವರಿಗೆ ಗೊತ್ತಿಲ್ಲದ ಹಾಗೆ "ಕರುವಿನ ಕಿವಿ ತೋರಿಸಿ, ಈಗ ಹಿಂದಿನಿಂದ ತೋರಿಸಿ" ಎನ್ನಿ. ಕದ್ದ ವಿಡಿಯೋ ಇಟ್ಟುಕೊಂಡವರು ನೆಟ್‌ವರ್ಕ್ ಇಲ್ಲ, ಕೆಲಸದವನು ಇಲ್ಲ ಎಂದು ಜಾರಿಕೊಳ್ಳುತ್ತಾರೆ. ಸಂಖ್ಯೆ ಸಿಕ್ಕರೆ ನಿಮ್ಮ ಪಶುವೈದ್ಯರಿಗೆ ಕೊಟ್ಟು, ಆ ಓಲೆ ಯಾವ ತಳಿಯ, ಯಾವ ಊರಿನ ರಾಸಿನದು ಎಂದು ವಿಚಾರಿಸಿ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ರಬ್ಬರ್ ಮ್ಯಾಟ್‌ಗಳನ್ನು ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುವವರ ಕಥೆಯೂ ಇದೇ. ಯಂತ್ರಕ್ಕೆ ಸಬ್ಸಿಡಿ ಇದೆಯೇ ಎಂದು ತಿಳಿಯಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ, ಪಶು ಆಸ್ಪತ್ರೆಯಲ್ಲಿ, ಇಲ್ಲವೇ ಒಕ್ಕೂಟದ ವಿಸ್ತರಣಾಧಿಕಾರಿಗಳ ಬಳಿ ಕೇಳಿ. ಸಬ್ಸಿಡಿ ವಾಟ್ಸಾಪಿನಲ್ಲಿ ಹುಡುಕಿಕೊಂಡು ಬರುವುದಿಲ್ಲ.

ಡೇರಿ ಸಾಲದ ಮಾತೂ ಇಲ್ಲೇ ಹೇಳಿಬಿಡೋಣ. "ನಬಾರ್ಡಿನಿಂದ ನಿಮಗೆ ಐದು ಲಕ್ಷ ಮಂಜೂರಾಗಿದೆ, ಫೈಲ್ ಚಾರ್ಜು ಕಟ್ಟಿ" ಎಂದು ಫೋನು ಬಂದರೆ ಅಲ್ಲೇ ಇಟ್ಟುಬಿಡಿ. ನಬಾರ್ಡ್ ರೈತರಿಗೆ ನೇರವಾಗಿ ಸಾಲ ಕೊಡುವ ಸಂಸ್ಥೆಯಲ್ಲ. ಅದು ಬ್ಯಾಂಕುಗಳಿಗೆ ಹಣ ಒದಗಿಸುತ್ತದೆ, ನಿಮಗೆ ಸಾಲ ಕೊಡುವುದು ಬ್ಯಾಂಕು ಅಥವಾ ಸಹಕಾರ ಸಂಘ.

ಹುಂಡಿಗೆ ಹಾಕುವವರಿಗೆ ಬೀಗದ ಕೈ ಬೇಕೇ?

ಈಗ ನೀವೇ ಮಾರುವವರು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಕಾಯಿಸಿದ ತುಪ್ಪ ಇದೆ, ಅಥವಾ ಒಂದು ಕಡಸು ಮಾರಬೇಕಾಗಿದೆ. ಮಗನ ಕೈಲಿ ಫೋಟೋ ಹಾಕಿಸುತ್ತೀರಿ. ಐದು ನಿಮಿಷದಲ್ಲಿ ಒಬ್ಬರು ಫೋನ್ ಮಾಡಿ, ನಾನು ಮಿಲಿಟರಿಯಲ್ಲಿದ್ದೇನೆ, ಚೌಕಾಸಿ ಬೇಡ, ಹೇಳಿದ ಬೆಲೆಗೇ ತೆಗೆದುಕೊಳ್ಳುತ್ತೇನೆ ಎನ್ನುತ್ತಾರೆ. ಚೌಕಾಸಿ ಮಾಡದೆ ಕಡಸು ಕೊಳ್ಳುವವರನ್ನು ನೀವು ಯಾವ ಸಂತೆಯಲ್ಲಾದರೂ ಕಂಡಿದ್ದೀರಾ? ಅಲ್ಲೇ ಅನುಮಾನ ಬರಬೇಕು. ಮುಂದೆ ಅವರು ಒಂದು ಕ್ಯೂಆರ್ ಕೋಡ್ ಕಳುಹಿಸುತ್ತಾರೆ. "ಇದನ್ನು ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ಹಣ ನಿಮಗೆ ಬಂದು ಬೀಳುತ್ತದೆ" ಎನ್ನುತ್ತಾರೆ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ.

ಇಲ್ಲಿ ಒಂದೇ ಒಂದು ವಿಷಯ ತಲೆಯಲ್ಲಿದ್ದರೆ ಸಾಕು. ಯುಪಿಐ ಪಿನ್ ಎಂಬ ನಾಲ್ಕು ಅಥವಾ ಆರು ಅಂಕಿ ದೇವಸ್ಥಾನದ ಹುಂಡಿಯ ಬೀಗದ ಕೈ ಇದ್ದಂತೆ. ಕಾಣಿಕೆ ಹಾಕುವವರಿಗೆ ಬೀಗದ ಕೈ ಬೇಕಿಲ್ಲ, ಒಳಗಿರುವುದನ್ನು ತೆಗೆಯಲು ಅಥವಾ ನೋಡಲು ಮಾತ್ರ ಬೇಕು. ಹಾಗೆಯೇ ನೀವು ಹಣ ಕಳುಹಿಸಲು ಪಿನ್ ಬೇಕು, ನಿಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು ಬೇಕು, ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ಆಟೋಪೇಗೆ ಒಪ್ಪಿಗೆ ಕೊಡಲು ಬೇಕು. ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಅಂಗಡಿಯವರು ನಿಮ್ಮ ಹಣ ಪಡೆಯುವಾಗ ಯಾವ ಪಿನ್ ಒತ್ತುತ್ತಾರೆ? ಏನೂ ಇಲ್ಲ, ಕೋಡ್ ಅಂಟಿಸಿ ಸುಮ್ಮನೆ ಕುಳಿತಿರುತ್ತಾರೆ.

ಇದೇ ದಾರಿಯ ಇನ್ನೊಂದು ಮೋಸವಿತ್ತು. ಅಪರಿಚಿತರು "ಹಣ ಕೊಡಿ" ಎಂಬ ಕೋರಿಕೆಯನ್ನು ನಿಮ್ಮ ಆ್ಯಪಿಗೆ ಕಳುಹಿಸಿ, ಹಣ ಬಂದಿದೆ ಒಪ್ಪಿಕೊಳ್ಳಿ ಎಂದು ನಂಬಿಸುತ್ತಿದ್ದರು. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆ ಕಳುಹಿಸುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ವ್ಯಾಪಾರಿಗಳ ಕೋರಿಕೆಗಳು ಈಗಲೂ ಬರುತ್ತವೆ. ಆದ್ದರಿಂದ ಪಿನ್ ಕೇಳುವ ಪರದೆ ಬಂದಾಗ ಮೇಲೆ ಯಾರ ಹೆಸರಿದೆ, ಎಷ್ಟು ಮೊತ್ತವಿದೆ ಎಂದು ಓದದೆ ಬೆರಳಿಡಬೇಡಿ. ಓದಲು ಕಷ್ಟವಾದರೆ ಮಗಳ ಕೈಲಿ, ಮೊಮ್ಮಗನ ಕೈಲಿ ಓದಿಸಿ, ಪಿನ್ ಮಾತ್ರ ನೀವೇ ಒತ್ತಿ. ಪಿನ್ ನೆನಪಿರುವುದಿಲ್ಲ ಎಂದು ಫೋನಿನ ಕವರಿನೊಳಗೆ ಚೀಟಿ ಬರೆದಿಡುವ ತಾಯಂದಿರು ಬಹಳ ಇದ್ದಾರೆ. ಬಾಗಿಲಿಗೆ ಬೀಗ ಹಾಕಿ ಕೈಯನ್ನು ಅದಕ್ಕೇ ನೇತುಹಾಕಿದಂತಾಯಿತು.

"ಅಕ್ಕಾ, ತಪ್ಪಿ ಹತ್ತು ಸಾವಿರ ಬಂತು"

ಈ ಫೋನು ಬಂದಾಗ ಮೋಸ ಹೋಗುವುದು ನಮ್ಮ ಒಳ್ಳೆಯತನದಿಂದ. "ಅಕ್ಕಾ, ಒಂದು ಸಾವಿರ ಹಾಕಲು ಹೋಗಿ ಹತ್ತು ಸಾವಿರ ಹಾಕಿಬಿಟ್ಟೆ. ಮಗು ಆಸ್ಪತ್ರೆಯಲ್ಲಿದೆ, ಉಳಿದ ಒಂಬತ್ತು ಸಾವಿರ ವಾಪಸ್ ಹಾಕಿ" ಎಂದು ಅಳುತ್ತಾರೆ. ಮೊಬೈಲಿಗೆ ಹತ್ತು ಸಾವಿರ ಜಮೆಯಾದ ಮೆಸೇಜೂ ಬಂದಿರುತ್ತದೆ. ಅದು ಬ್ಯಾಂಕು ಕಳುಹಿಸಿದ್ದಲ್ಲ, ಅವರೇ ಟೈಪು ಮಾಡಿ ಕಳುಹಿಸಿದ್ದು. ಮೆಸೇಜು ನೋಡಿ ನಂಬದೆ ಖಾತೆಯ ಬ್ಯಾಲೆನ್ಸ್ ನೋಡಿ. ನಿಜವಾಗಿ ಹಣ ಬಂದಿದ್ದರೂ ನೀವಾಗಿ ವಾಪಸ್ ಕಳುಹಿಸಬೇಡಿ. "ನಿಮ್ಮ ಬ್ಯಾಂಕಿಗೆ ದೂರು ಕೊಡಿ, ನಾನೂ ನನ್ನ ಬ್ಯಾಂಕಿಗೆ ಹೇಳುತ್ತೇನೆ" ಎನ್ನಿ. ನಿಜವಾಗಿ ತಪ್ಪಿ ಹಾಕಿದವರಿಗೆ ಈ ಮಾತಿನಿಂದ ನಷ್ಟವಿಲ್ಲ, ಬ್ಯಾಂಕಿನ ಮೂಲಕವೇ ಅವರ ಹಣ ಅವರಿಗೆ ಹೋಗುತ್ತದೆ. ಸುಳ್ಳುಗಾರರು ಬಯ್ಯಲು ಶುರು ಮಾಡುತ್ತಾರೆ.

ಫೈಲಿನೊಳಗೆ ಬರುವ ಕಳ್ಳ

ವಾಟ್ಸಾಪಿನಲ್ಲಿ ಪಿಎಂ ಕಿಸಾನ್ ಹೆಸರಿನಲ್ಲಿ, ಬ್ಯಾಂಕಿನ ಕೆವೈಸಿ ಹೆಸರಿನಲ್ಲಿ, ಮದುವೆಯ ಆಮಂತ್ರಣ ಎಂದು, ಗಾಡಿಯ ದಂಡ ಎಂದು ಫೈಲುಗಳು ಬರುತ್ತವೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಫೋಟೋ ಅಲ್ಲ, ಕಾಗದವೂ ಅಲ್ಲ, ಒಂದು ಆ್ಯಪು. ಒತ್ತಿ ಅನುಮತಿ ಕೊಟ್ಟರೆ ಫೋನಿನಲ್ಲಿ ಕುಳಿತು, ಬ್ಯಾಂಕಿನಿಂದ ಬರುವ ಒಟಿಪಿ ಮೆಸೇಜುಗಳನ್ನು ನಿಮಗಿಂತ ಮೊದಲು ಓದಿ ಆ ಕಡೆಗೆ ಕಳುಹಿಸುತ್ತದೆ. ಇಲ್ಲಿ ನೀವು ಯಾರಿಗೂ ಒಟಿಪಿ ಹೇಳಿರುವುದಿಲ್ಲ, ಆದರೂ ಹಣ ಹೋಗಿರುತ್ತದೆ. ಪರಿಚಯದವರ ನಂಬರಿನಿಂದಲೇ ಬಂತಲ್ಲ ಎಂದು ನಂಬುವಂತಿಲ್ಲ, ಅವರ ಫೋನು ಈಗಾಗಲೇ ಕಳ್ಳನ ಕೈಯಲ್ಲಿರಬಹುದು. ಸ್ತ್ರೀಶಕ್ತಿ ಗುಂಪಿನಲ್ಲೋ ಸಂಘದ ಗುಂಪಿನಲ್ಲೋ ಒಬ್ಬರು ಒತ್ತಿದರೆ ಎಲ್ಲರಿಗೂ ಹೋಗುವುದು ಹೀಗೆಯೇ. ಆ್ಯಪು ಬೇಕಾದರೆ ಪ್ಲೇ ಸ್ಟೋರಿನಿಂದಲೇ ಹಾಕಿಸಿ. ಅಪ್ಪಿತಪ್ಪಿ ಒತ್ತಿಬಿಟ್ಟಿದ್ದರೆ ತಕ್ಷಣ ಮೊಬೈಲ್ ಡೇಟಾ, ವೈಫೈ ಎರಡನ್ನೂ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ.

ಸೀರೆ, ಪಾತ್ರೆ, ಕುಕ್ಕರಿನ ಜಾಹೀರಾತುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 4,000ದ ರೇಷ್ಮೆ ಸೀರೆ 499ಕ್ಕೆ ಯಾರೂ ಕೊಡುವುದಿಲ್ಲ. ಹೆಸರು ಕೇಳದ ಅಂಗಡಿಯಾದರೆ ಮೊದಲೇ ಹಣ ಕಟ್ಟಬೇಡಿ. ತರಿಸದೆ ಇರುವ ಪಾರ್ಸೆಲ್ ಮನೆಗೆ ಬಂದು 600 ಕೊಡಿ ಎಂದರೆ ಅತ್ತೆಯೋ ಮಗನೋ ತರಿಸಿರಬಹುದು ಎಂದು ಕೊಟ್ಟುಬಿಡಬೇಡಿ, ಕೇಳಿ ಕೊಡಿ. ಪೊಟ್ಟಣ ಬಿಚ್ಚುವಾಗ ವಿಡಿಯೋ ಮಾಡಿಸಿಟ್ಟುಕೊಂಡರೆ ದೂರಿಗೆ ಆಧಾರವಾಗುತ್ತದೆ. ದೊಡ್ಡ ಕಂಪನಿಯಿಂದ ತರಿಸಿದ ವಸ್ತು ಹಾಳಾಗಿದ್ದರೆ ಗ್ರಾಹಕ ಸೇವೆಯ ನಂಬರನ್ನು ಗೂಗಲಿನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳರೂ ತಮ್ಮ ನಂಬರು ಹಾಕಿರುತ್ತಾರೆ. ವಸ್ತು ತರಿಸಿದ ಆ್ಯಪಿನ ಒಳಗೇ ದೂರು ಕೊಡುವ ಜಾಗ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಹೆಬ್ಬೆಟ್ಟು ಒತ್ತುವವರಿಗೆ

ಸ್ಮಾರ್ಟ್‌ಫೋನ್ ಇಲ್ಲ, ನನಗೇನೂ ಆಗದು ಎಂದುಕೊಳ್ಳುವ ಹಾಗಿಲ್ಲ. ನಮ್ಮಲ್ಲಿ ಎಷ್ಟೋ ಹಿರಿಯ ಸದಸ್ಯರು ಊರಿನ ಬ್ಯಾಂಕ್ ಮಿತ್ರರ ಬಳಿ ಆಧಾರ್ ಸಂಖ್ಯೆ ಹೇಳಿ, ಬೆರಳೊತ್ತಿ ಹಾಲಿನ ಹಣ ಬಿಡಿಸಿಕೊಳ್ಳುತ್ತಾರೆ. ಹೆಚ್ಚಿನ ಬ್ಯಾಂಕ್ ಮಿತ್ರರು ನಿಯತ್ತಿನವರೇ, ದೂರದ ಹಳ್ಳಿಗೆ ಅವರಿಂದಲೇ ಬ್ಯಾಂಕು ಬಂದಿದೆ. ಆದರೆ "ಬೆರಳು ತೆಗೆದುಕೊಳ್ಳಲಿಲ್ಲ, ಇನ್ನೊಮ್ಮೆ ಒತ್ತಿ" ಎಂದಾಗ ಮೊದಲ ಸಲದ ರಸೀದಿ ಕೇಳಿ. ಯಾವ ಸಲವೂ ರಸೀದಿ ಇಲ್ಲದೆ ಏಳಬೇಡಿ. ತಿಂಗಳಿಗೊಮ್ಮೆ ಬ್ಯಾಂಕಿಗೇ ಹೋಗಿ ಪಾಸ್‌ಬುಕ್ ಮುದ್ರಿಸಿಕೊಂಡು, ಸಂಘದ ಬಟವಾಡೆ ಚೀಟಿಯ ಜೊತೆ ತಾಳೆ ನೋಡಿಸಿ.

ಬೆರಳಿನ ಗುರುತನ್ನು ಕಾಗದದಿಂದ ಎತ್ತಿ ನಕಲು ಮಾಡಿ, ಒಟಿಪಿಯೇ ಇಲ್ಲದೆ ಹಣ ತೆಗೆದ ಪ್ರಕರಣಗಳೂ ಆಗಿವೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಮಾಡಿಸಿದ ಹಲವರು ಹೀಗೆ ಹಣ ಕಳೆದುಕೊಂಡ ದೂರುಗಳು ಬಂದಿದ್ದವು. ಇದಕ್ಕೆ ಮದ್ದು ಇದೆ, ಅದೂ ಉಚಿತ. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ ಅಥವಾ ವೆಬ್‌ಸೈಟಿನಲ್ಲಿ ನಿಮ್ಮ ಬೆರಳು, ಕಣ್ಣಿನ ಗುರುತಿಗೆ ಬೀಗ ಹಾಕಬಹುದು. ಬೀಗ ಹಾಕಿದ ಮೇಲೆ ಯಾರು ಬೆರಳೊತ್ತಿದರೂ, ನೀವೇ ಒತ್ತಿದರೂ ಹಣ ಬರುವುದಿಲ್ಲ. ಬೇಕಾದಾಗ ತೆರೆಯಬಹುದು. ಆಧಾರಿಗೆ ಮೊಬೈಲ್ ನಂಬರು ಜೋಡಣೆಯಾಗಿರಬೇಕು ಅಷ್ಟೆ. ಪಡಿತರ ಅಂಗಡಿಯಲ್ಲೂ ಬೆರಳೊತ್ತಬೇಕಾದ್ದರಿಂದ ರೇಷನ್ ತರುವ ದಿನ ತೆಗೆದು ಮತ್ತೆ ಹಾಕುವ ರಗಳೆ ಇದೆ. ಆ ರಗಳೆ ಬೇಡ ಎನ್ನುವವರು ಆ ಖಾತೆಯಲ್ಲಿ ದೊಡ್ಡ ಮೊತ್ತ ಬಿಡದಿರುವುದು ಒಳ್ಳೆಯದು.

ಅದೇ ಲೆಕ್ಕ ಯುಪಿಐಗೂ ಹೊಂದುತ್ತದೆ. ಯುಪಿಐ ಮೂಲಕ ಒಂದು ದಿನಕ್ಕೆ ಸಾಮಾನ್ಯವಾಗಿ 1 ಲಕ್ಷದವರೆಗೆ ಹಣ ಹೋಗಬಲ್ಲದು. ಹಾಲಿನ ಹಣ, ಚೀಟಿ ಹಣ, ಹಸು ಮಾರಿದ ಹಣ ಎಲ್ಲವನ್ನೂ ಫೋನಿಗೆ ಜೋಡಿಸಿದ ಖಾತೆಯಲ್ಲೇ ಇಡಬೇಕೆಂದೇನೂ ಇಲ್ಲ. ಹಾಲಿನ ಖಾತೆಯನ್ನು ಯುಪಿಐಗೆ ಸೇರಿಸದೆ ಹಾಗೇ ಬಿಟ್ಟು, ಖರ್ಚಿಗೆಂದು ಇನ್ನೊಂದು ಖಾತೆ ಮಾಡಿ ಎರಡು ಮೂರು ಸಾವಿರ ಇಟ್ಟುಕೊಂಡರೆ, ಹೋದರೂ ಅಷ್ಟೇ ಹೋಗುತ್ತದೆ.

ಖಾತೆ ಬಾಡಿಗೆಗೆ ಕೊಡಬೇಡಿ

ಇದು ಸ್ವಲ್ಪ ಬೇರೆ ಬಗೆಯದು, ಆದರೆ ಬಡ ಹೆಣ್ಣುಮಕ್ಕಳ ಮನೆ ಬಾಗಿಲಿಗೇ ಬರುವಂಥದ್ದು. "ನಿಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್, ಒಂದು ಸಿಮ್ ಕೊಡಿ, ತಿಂಗಳಿಗೆ ಐದು ಸಾವಿರ ಕೊಡುತ್ತೇವೆ" ಎಂದು ಪರಿಚಯದವರೇ ಕೇಳುತ್ತಾರೆ. ಮೋಸದಿಂದ ಬಂದ ಹಣ ಹಾಯಿಸಲು ಅವರಿಗೆ ಯಾರದಾದರೂ ಖಾತೆ ಬೇಕು. ಪೊಲೀಸರು ಹಣದ ಜಾಡು ಹಿಡಿದು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಖಾತೆ ಸ್ತಂಭನವಾದರೆ ನಿಮ್ಮ ಸ್ವಂತ ಹಾಲಿನ ಬಟವಾಡೆಯೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಠಾಣೆಗೆ ಅಲೆದಾಟ.

ಹಣ ಹೋಯಿತು, ಈಗೇನು?

ಹೋಗಿದೆ ಎಂದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ. ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ. ಎಷ್ಟು ಬೇಗ ಎಂಬುದೇ ಇಲ್ಲಿ ಮುಖ್ಯ, ಏಕೆಂದರೆ ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿ ಎಟಿಎಂನಲ್ಲಿ ತೆಗೆದುಬಿಡುತ್ತಾರೆ. ದೂರು ದಾಖಲಾದರೆ ಹಣ ಆಗ ಯಾವ ಬ್ಯಾಂಕಿನಲ್ಲಿದೆಯೋ ಅಲ್ಲಿಗೆ ಸೂಚನೆ ಹೋಗಿ ಅದನ್ನು ತಡೆಹಿಡಿಯಲು ಸಾಧ್ಯ. ತೆಗೆದ ಮೇಲೆ ಕರೆ ಮಾಡಿದರೆ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಸಂಜೆ ಹಾಲು ಕರೆದು ಬಂದ ಮೇಲೆ ನೋಡೋಣ, ಗಂಡ ಊರಿಂದ ಬರಲಿ ಎಂದು ಕಾಯಬೇಡಿ.

ಕರೆ ಮಾಡುವಾಗ ಹತ್ತಿರ ಇರಬೇಕಾದದ್ದು: ನಿಮ್ಮ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಹೋದ ಮೊತ್ತ, ದಿನ ಮತ್ತು ಹೊತ್ತು, ಹಣ ಹೋದ ಮೆಸೇಜಿನಲ್ಲಿರುವ 12 ಅಂಕಿಯ ವಹಿವಾಟು ಸಂಖ್ಯೆ, ಮೋಸ ಮಾಡಿದವರ ಫೋನ್ ನಂಬರು. ಸಿಟ್ಟಿನಲ್ಲಿ ಆ ಮೆಸೇಜು, ಚಾಟುಗಳನ್ನು ಅಳಿಸಿಹಾಕಬೇಡಿ, ಅವೇ ಸಾಕ್ಷಿ. ನಂತರ ಬ್ಯಾಂಕಿಗೆ ತಿಳಿಸಿ ಕಾರ್ಡು, ಯುಪಿಐ ಎರಡನ್ನೂ ನಿಲ್ಲಿಸಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿಯೂ ದೂರು ದಾಖಲಿಸಬಹುದು, ಜಿಲ್ಲಾ ಕೇಂದ್ರದ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು.

ಬ್ಯಾಂಕಿನ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ಆದೇಶವೊಂದನ್ನು ಹೊರಡಿಸಿತ್ತು. ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರು ಹಣ ತೆಗೆದಿದ್ದರೆ, ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವರ ಮೇಲೆ ನಷ್ಟ ಬೀಳುವುದಿಲ್ಲ ಎಂದು ಅದು ಹೇಳಿತ್ತು. ಪಿನ್ ಅಥವಾ ಒಟಿಪಿ ನೀವೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು ಎಂದೂ ಹೇಳಿತ್ತು. ಹೇಗೆ ನೋಡಿದರೂ ಬೇಗ ತಿಳಿಸಿದವರಿಗೇ ಲಾಭ. ದೂರು ಕೊಟ್ಟದ್ದಕ್ಕೆ ಸಂಖ್ಯೆಯೊಂದನ್ನು ಕೇಳಿ ಬರೆದಿಟ್ಟುಕೊಳ್ಳಿ. ಬಟವಾಡೆ ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ನಿಮ್ಮ ಕೈಯಲ್ಲೇ ಇದೆಯೇ ಎಂದೂ ನೋಡಿಕೊಳ್ಳಿ. ಎಷ್ಟೋ ಮಂದಿಯದು ಹಳೆಯ ಸಿಮ್ಮು, ಮೆಸೇಜು ಬಂದರೂ ಅವರಿಗೆ ತಲುಪುವುದಿಲ್ಲ.

ಇನ್ನೊಂದು ಮಾತು ಹೇಳಬೇಕು. ಹಣ ಕಳೆದುಕೊಂಡ ಹೆಣ್ಣುಮಕ್ಕಳಲ್ಲಿ ಅನೇಕರು ಮನೆಯಲ್ಲಿ ಹೇಳುವುದೇ ಇಲ್ಲ. ಅತ್ತೆ ಏನೆನ್ನುತ್ತಾರೋ, ಗಂಡ ಫೋನು ಕಿತ್ತುಕೊಂಡಾರೋ ಎಂಬ ಅಂಜಿಕೆಯಲ್ಲಿ ಎರಡು ಮೂರು ದಿನ ಒಳಗೇ ಕುದಿಯುತ್ತಾರೆ. ತಡೆಹಿಡಿಯಬಹುದಾಗಿದ್ದ ಹಣ ಪೂರ್ತಿ ಹೋಗುವುದು ಆ ಎರಡು ಮೂರು ದಿನದಲ್ಲಿ. ಓದಿದವರು, ನಿವೃತ್ತ ಅಧಿಕಾರಿಗಳು, ಬ್ಯಾಂಕಿನಲ್ಲಿ ಕೆಲಸ ಮಾಡಿದವರೂ ಮೋಸ ಹೋಗಿದ್ದಾರೆ. ಕಳ್ಳತನ ಮಾಡಿದವರಿಗಿಲ್ಲದ ನಾಚಿಕೆ ಕಳೆದುಕೊಂಡವರಿಗೆ ಯಾಕೆ? ಮನೆಯಲ್ಲಿ ಹೇಳಲು ಆಗದಿದ್ದರೆ ಸಂಘದ ಕಾರ್ಯದರ್ಶಿಗಳ ಬಳಿ, ಇಲ್ಲವೇ ನಂಬಿಕೆಯ ಸದಸ್ಯೆಯೊಬ್ಬರ ಬಳಿ ಹೇಳಿ 1930ಕ್ಕೆ ಕರೆ ಮಾಡಿಸಿ.

ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳಲ್ಲಿ ಒಂದು ಕೋರಿಕೆ. ಹಾಲು ಅಳೆಯುವ ಜಾಗದ ಗೋಡೆಯ ಮೇಲೆ, ಫ್ಯಾಟ್ ದರಪಟ್ಟಿಯ ಪಕ್ಕದಲ್ಲಿ, ದೊಡ್ಡ ಅಂಕಿಯಲ್ಲಿ 1930 ಎಂದು ಬರೆಸಿ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಸದಸ್ಯರ ಕಣ್ಣು ಬೀಳುವ ಜಾಗ ಅದು.